ಸಣ್ಣ ತೂಕದ ತಕ್ಕಡಿ: ತೀವ್ರ ಬೌದ್ಧಿಕ ವೈಕಲ್ಯವುಳ್ಳ ಮಕ್ಕಳ ಪರೀಕ್ಷೆ – ಒಂದು ವಿಮರ್ಶೆ

ಹುಬ್ಬಳ್ಳಿಯ ಅಮರಗೋಳ ಮಾರುಕಟ್ಟೆ ಪ್ರಾಂಗಣದಲ್ಲಿ ಹತ್ತಿಯ ಅಂಡಿಗೆಗಳನ್ನು ತೂಗುವ ಕಾಟಾದ ಮೇಲೆ ಒಂದು ಗುಲಗಂಜಿ ಬಂಗಾರವನ್ನಿಟ್ಟರೆ ಅದು ಸೊನ್ನೆಯನ್ನೇ ತೋರಿಸುತ್ತದೆ. ಆ ಸೊನ್ನೆಯನ್ನು ನಂಬಿ ಬಂಗಾರವೇ ಇಲ್ಲವೆಂದು ಲೆಕ್ಕ ಬರೆಯುವ ವ್ಯಾಪಾರಿ ಯಾವ ಪೇಟೆಯಲ್ಲಿಯೂ ಸಿಕ್ಕಲಾರನು. ಈ ಕಾಟಾ ಈ ಪದಾರ್ಥಕ್ಕಲ್ಲವೆಂದು ತಿಳಿದು ಅವನು ಸರಾಫರ ಅಂಗಡಿಯ ತಕ್ಕಡಿಯತ್ತ ನಡೆಯುತ್ತಾನೆ. ಪೇಟೆಗೆ ಸಹಜವಾದ ಈ ವಿವೇಕ ಶಾಲೆಗೆ ಇನ್ನೂ ಪೂರ್ಣವಾಗಿ ಬಂದಿಲ್ಲವೆಂಬುದು ವಿಷಾದದ ಸಂಗತಿ. ತೀವ್ರ ಬೌದ್ಧಿಕ ವೈಕಲ್ಯವುಳ್ಳ ಮಗುವನ್ನು ಎಲ್ಲರ ಪ್ರಶ್ನೆಪತ್ರಿಕೆಯ ಮುಂದೆ ಕೂರಿಸಿ, ಬಂದ ಸೊನ್ನೆಯನ್ನು ಮಗುವಿನ ಹೆಸರಿಗೆ ಬರೆಯಲಾಗುತ್ತದೆ; ಇಲ್ಲವೇ ತೂಗುವುದನ್ನೇ ಕೈಬಿಡಲಾಗುತ್ತದೆ. ಈ ಎರಡೂ ರೀತಿಗಳ ಗುಣದೋಷಗಳನ್ನು ವಿಚಾರಿಸಿ, ಮೂರನೆಯ ಮಾರ್ಗವೊಂದು ಉಂಟೇ ಎಂದು ನೋಡುವುದು ಅವಶ್ಯವಾಗಿದೆ.

ಮೊದಲು ಯಾವ ಮಕ್ಕಳ ಮಾತು ಎಂಬುದು ಸ್ಪಷ್ಟವಾಗಬೇಕು. ಕಣ್ಣು ಕಾಣದ, ಕಿವಿ ಕೇಳದ, ಕೈಯಲ್ಲಿ ಬರೆಯಲಾರದ ಮಕ್ಕಳ ಮಾತು ಇದಲ್ಲ. ಅಕ್ಷರಗಳು ಅದಲುಬದಲಾಗಿ ತೋರುವ ಕಲಿಕಾ ನ್ಯೂನತೆಯ ಮಕ್ಕಳ ಮಾತೂ ಅಲ್ಲ. ಅವರಲ್ಲಿ ವಿಷಯಗ್ರಹಣದ ಶಕ್ತಿಯಿದೆ. ಅದು ಹೊರಬರುವ ಅಥವಾ ಒಳಹೋಗುವ ದಾರಿಯಲ್ಲಿ ಮಾತ್ರ ತೊಡಕಿದೆ. ಹಿಂದೆ 'ಬುದ್ಧಿಮಾಂದ್ಯ' ಎಂದು ಕರೆಯಲ್ಪಡುತ್ತಿದ್ದ, ಇಂದು 'ಬೌದ್ಧಿಕ ವೈಕಲ್ಯ' ಎಂಬ ಹೆಸರು ಪಡೆದಿರುವ ಸ್ಥಿತಿಯಲ್ಲಿ ತಿಳಿಯುವ ಕ್ರಿಯೆಯೇ ನಿಧಾನ. ಅದು ತೀವ್ರವಾಗಿದ್ದಾಗ ಊಟ, ಉಡುಪು, ಮಾತು, ಹಣ, ರಸ್ತೆ ಎಲ್ಲದಕ್ಕೂ ವರ್ಷಗಟ್ಟಲೆ ಅಭ್ಯಾಸ ಬೇಕಾಗುತ್ತದೆ. ಇಂಥ ಮಕ್ಕಳ ಸಂಖ್ಯೆ ಸಣ್ಣದು. ಸಣ್ಣದೆಂಬ ಕಾರಣದಿಂದಲೇ ಯಾವ ನಿಯಮವನ್ನು ರಚಿಸುವಾಗಲೂ ಅವರು ನೆನಪಿಗೆ ಬರುವುದು ಕೊನೆಯಲ್ಲಿ.

ಹದಿನೈದು ವರ್ಷದ ಬಾಲಕನೊಬ್ಬನನ್ನು ಉದಾಹರಣೆಗೆ ಕಲ್ಪಿಸಿಕೊಳ್ಳಬಹುದು. ಜೂನ್ ತಿಂಗಳಲ್ಲಿ ಅವನಿಗೆ ಹತ್ತು ರೂಪಾಯಿಯ ನೋಟಿಗೂ ನೂರು ರೂಪಾಯಿಯ ನೋಟಿಗೂ ಭೇದ ತಿಳಿಯುತ್ತಿರಲಿಲ್ಲ. ಮಾರ್ಚಿನ ವೇಳೆಗೆ ಅವನು ಚೀಟಿ ಹಿಡಿದು ಓಣಿಯ ಕಿರಾಣಿ ಅಂಗಡಿಗೆ ಒಬ್ಬನೇ ಹೋಗುತ್ತಾನೆ, ಸಾಮಾನು ತರುತ್ತಾನೆ, ಚಿಲ್ಲರೆಯನ್ನು ಮರೆಯದೆ ತಾಯಿಯ ಕೈಗಿಡುತ್ತಾನೆ. ಈ ಒಂಬತ್ತು ತಿಂಗಳಲ್ಲಿ ಅವನು ಕಲಿತದ್ದು ಅವನ ಮಟ್ಟಿಗೆ ದೊಡ್ಡ ವಿದ್ಯೆ. ಆದರೆ ಅದೇ ಮಾರ್ಚಿನಲ್ಲಿ ಶಾಲೆ ಕೇಳುವ ಯಾವ ಪ್ರಶ್ನೆಗೂ ಇದು ಉತ್ತರವಲ್ಲ. ಅಂಕಪಟ್ಟಿಯ ಪ್ರಕಾರ ಅವನು ಜೂನ್ ತಿಂಗಳಲ್ಲಿ ಎಲ್ಲಿದ್ದನೋ ಅಲ್ಲಿಯೇ ಇದ್ದಾನೆ.

ಕಾನೂನು ಈ ವಿಷಯದಲ್ಲಿ ಮೌನವಾಗಿಲ್ಲ. 1995ರ ಅಂಗವಿಕಲರ ಕಾಯ್ದೆ ಪರೀಕ್ಷಾಪದ್ಧತಿಯ ಮಾರ್ಪಾಡನ್ನು ಹೇಳುವಾಗ ಮುಖ್ಯವಾಗಿ ದೃಷ್ಟಿಹೀನ ಹಾಗೂ ಮಂದದೃಷ್ಟಿಯ ವಿದ್ಯಾರ್ಥಿಗಳನ್ನು ಮನಸ್ಸಿನಲ್ಲಿಟ್ಟುಕೊಂಡಿತ್ತು. ಅದರ ಸ್ಥಾನದಲ್ಲಿ ಬಂದ 2016ರ ವಿಕಲಚೇತನರ ಹಕ್ಕುಗಳ ಕಾಯ್ದೆ ಇನ್ನೂ ಮುಂದೆ ಹೋಯಿತು. ಅದರ 17ನೆಯ ಪ್ರಕರಣ ಪಠ್ಯಕ್ರಮದಲ್ಲಿಯೂ ಪರೀಕ್ಷಾಪದ್ಧತಿಯಲ್ಲಿಯೂ ತಕ್ಕ ಮಾರ್ಪಾಡುಗಳಾಗಬೇಕೆಂದು ವಿಧಿಸಿ, ಹೆಚ್ಚಿನ ಸಮಯ, ಲಿಪಿಕಾರನ ಸೌಲಭ್ಯ, ದ್ವಿತೀಯ ಮತ್ತು ತೃತೀಯ ಭಾಷೆಗಳಿಂದ ವಿನಾಯಿತಿ ಎಂಬ ಉದಾಹರಣೆಗಳನ್ನು ಕೊಡುತ್ತದೆ. 16ನೆಯ ಪ್ರಕರಣ ಪ್ರತಿಯೊಬ್ಬ ವಿಕಲಚೇತನ ವಿದ್ಯಾರ್ಥಿಯ ಕಲಿಕೆಯ ಮಟ್ಟವನ್ನೂ ಪ್ರಗತಿಯನ್ನೂ ಗಮನಿಸುತ್ತಿರಬೇಕೆಂದು ಶಾಲೆಗಳಿಗೆ ಹೊಣೆ ಹೊರಿಸುತ್ತದೆ. 'ಪ್ರತಿಯೊಬ್ಬ' ಎಂಬ ಮಾತಿನಲ್ಲಿ ಕಿರಾಣಿ ಅಂಗಡಿಗೆ ಹೋಗಿಬಂದ ಆ ಬಾಲಕನೂ ಸೇರಿದ್ದಾನೆ.

ಆದರೆ ಕಾನೂನಿನ ಆಶಯಕ್ಕೂ ಅದರ ಉದಾಹರಣೆಗಳಿಗೂ ನಡುವೆ ಒಂದು ಅಂತರವಿದೆ. ಕೊಟ್ಟ ಮೂರು ಉದಾಹರಣೆಗಳೂ ಪ್ರಶ್ನೆಪತ್ರಿಕೆಯನ್ನು ಇದ್ದಂತೆಯೇ ಇಟ್ಟು ಅದನ್ನು ತಲುಪುವ ದಾರಿಯನ್ನು ಮಾತ್ರ ಸುಗಮಗೊಳಿಸುತ್ತವೆ. ಆಡಳಿತ ಸಾಮಾನ್ಯವಾಗಿ ಉದಾಹರಣೆಯನ್ನೇ ಎಲ್ಲೆಯೆಂದು ತಿಳಿಯುತ್ತದೆ. ಆದ್ದರಿಂದ ಎಸ್.ಎಸ್.ಎಲ್.ಸಿ. ಪರೀಕ್ಷೆಯ ಹೊತ್ತಿಗೆ ಎಲ್ಲ ವಿಧದ ವೈಕಲ್ಯಕ್ಕೂ ಬಹುಮಟ್ಟಿಗೆ ಒಂದೇ ಬಗೆಯ ರಿಯಾಯಿತಿಗಳು ದೊರೆಯುತ್ತವೆ. ಈ ರಿಯಾಯಿತಿಗಳಿಂದ ಉಪಕೃತರಾದ ಮಕ್ಕಳು ಅನೇಕರಿದ್ದಾರೆ. ಅವುಗಳ ಬೆಲೆಯನ್ನು ಕಡಿಮೆ ಮಾಡಿ ಹೇಳುವುದು ಅನ್ಯಾಯ. ಪ್ರಶ್ನೆಪತ್ರಿಕೆಯ ಅರ್ಥವೇ ಆಗದ ಮಗುವಿಗೆ ಮಾತ್ರ ಹೆಚ್ಚಿನ ಒಂದು ಗಂಟೆ ಎಂದರೆ ಹೆಚ್ಚಿನ ಒಂದು ಗಂಟೆಯ ಕಳವಳವೇ ಹೊರತು ಬೇರೇನಲ್ಲ.

ಲಿಪಿಕಾರನ ವಿಷಯ ಇನ್ನೂ ಸೂಕ್ಷ್ಮವಾದದ್ದು. ವಿದ್ಯಾರ್ಥಿ ಹೇಳಿದ್ದನ್ನು ಬರೆಯುವವನು ಲಿಪಿಕಾರ. ಹೇಳುವ ಶಕ್ತಿಯೇ ಇಲ್ಲದಿದ್ದಾಗ ಅವನು ಬರೆಯುವುದೇನನ್ನು? ಖಾಲಿ ಹಾಳೆ ಕೊಟ್ಟರೆ ಮಗು ಅನುತ್ತೀರ್ಣವಾಗುತ್ತದೆ. ತನ್ನದೇ ಉತ್ತರ ಬರೆದರೆ ಮಗು ಉತ್ತೀರ್ಣವಾಗುತ್ತದೆ, ಆದರೆ ಉತ್ತೀರ್ಣನಾದವನು ಲಿಪಿಕಾರ. ಕರುಣೆಯಿಂದ ಪ್ರೇರಿತರಾದ ಪಾಲಕರು, ಶಿಕ್ಷಕರು, ಮೇಲ್ವಿಚಾರಕರು ಇಂಥ ಸಂದರ್ಭದಲ್ಲಿ ಕಣ್ಣು ಮುಚ್ಚಿಕೊಳ್ಳುವ ಪ್ರಸಂಗ ಬರುತ್ತದೆ. ಅವರ ಮನಸ್ಸು ಒಳ್ಳೆಯದು. ಕೃತ್ಯ ಮಾತ್ರ ಸತ್ಯಕ್ಕೆ ದೂರ. ಅದಕ್ಕಿಂತ ಹೆಚ್ಚಾಗಿ ಇದರಲ್ಲಿ ಮಗುವಿಗೆ ಆಗುವ ನಷ್ಟವನ್ನು ಗಮನಿಸಬೇಕು. ಹದಿನಾಲ್ಕು ವರ್ಷದ ಹುಡುಗನೊಬ್ಬ ಬರೆದ ಉತ್ತರಗಳ ಅಡಿಯಲ್ಲಿ ಆ ಮಗು ನಿಜವಾಗಿ ಕಲಿತದ್ದೆಲ್ಲ ಹೂತುಹೋಗುತ್ತದೆ. ನಿಯಮವನ್ನು ಪಾಲಿಸಿದರೆ ಅನ್ಯಾಯ, ಮುರಿದರೆ ಅಸತ್ಯ ಎಂಬ ಇಕ್ಕಟ್ಟಿಗೆ ಸಜ್ಜನರನ್ನು ತಳ್ಳುವ ನಿಯಮದಲ್ಲಿಯೇ ದೋಷವಿದೆಯೆಂದು ಹೇಳಬೇಕಾಗುತ್ತದೆ.

ಎರಡನೆಯ ರೀತಿ, ತೂಗುವುದನ್ನೇ ಕೈಬಿಡುವುದು. 2009ರ ಶಿಕ್ಷಣ ಹಕ್ಕು ಕಾಯ್ದೆ ಎಂಟನೆಯ ತರಗತಿಯವರೆಗೆ ಯಾವ ಮಗುವನ್ನೂ ಅದೇ ತರಗತಿಯಲ್ಲಿ ಉಳಿಸಬಾರದೆಂದು ವಿಧಿಸಿತು. 2012ರ ತಿದ್ದುಪಡಿ ತೀವ್ರ ಹಾಗೂ ಬಹುವಿಧ ವೈಕಲ್ಯವುಳ್ಳ ಮಕ್ಕಳಿಗೆ ಮನೆಯಲ್ಲಿಯೇ ಶಿಕ್ಷಣ ಪಡೆಯುವ ಹಕ್ಕನ್ನೂ ಕೊಟ್ಟಿತು. 2019ರ ತಿದ್ದುಪಡಿ ಐದನೆಯ ಮತ್ತು ಎಂಟನೆಯ ತರಗತಿಗಳಲ್ಲಿ ಪರೀಕ್ಷೆ ನಡೆಸಿ ಮಕ್ಕಳನ್ನು ಉಳಿಸಿಕೊಳ್ಳುವ ಅಧಿಕಾರವನ್ನು ರಾಜ್ಯಗಳಿಗೆ ಬಿಟ್ಟಿತು. ಕರ್ನಾಟಕದಲ್ಲಿ 5, 8 ಮತ್ತು 9ನೆಯ ತರಗತಿಗಳ ಮಂಡಳಿ ಮಾದರಿಯ ಮೌಲ್ಯಾಂಕನ 2024ರಲ್ಲಿ ಉಚ್ಚ ನ್ಯಾಯಾಲಯದಿಂದ ಸರ್ವೋಚ್ಚ ನ್ಯಾಯಾಲಯದವರೆಗೆ ಹೋಯಿತು. ಆ ವ್ಯಾಜ್ಯದ ಪ್ರಶ್ನೆ ಪರೀಕ್ಷೆ ಇರಬೇಕೇ ಬೇಡವೇ ಎಂಬುದಾಗಿತ್ತು; ಯಾವ ಮಗುವಿಗೆ ಯಾವ ಪರೀಕ್ಷೆ ಎಂಬುದಾಗಿರಲಿಲ್ಲ. ಮಗುವನ್ನು ಭಯದಿಂದ ಪಾರುಮಾಡುವ ಉದ್ದೇಶ ಶ್ಲಾಘ್ಯವೇ. ಆದರೆ ಉಳಿಸದೆ ಮುಂದೆ ಕಳಿಸುವುದು ಒಂದು, ನೋಡದೆ ಮುಂದೆ ಕಳಿಸುವುದು ಇನ್ನೊಂದು. ಎಂಟು ವರ್ಷ ಒಂದೊಂದು ಮೆಟ್ಟಿಲು ಏರಿಬಂದ ಮಗು ಏನು ಕಲಿಯಿತೆಂಬುದು ಶಾಲೆಯ ಯಾವ ದಾಖಲೆಯಲ್ಲಿಯೂ ಇರದಿದ್ದರೆ, ಅದು ಕಿರ್ದಿ-ಖತಾವಣಿ ಇಲ್ಲದ ಅಂಗಡಿಯಂತೆ. ಅಂಥ ಅಂಗಡಿ ನಷ್ಟದಲ್ಲಿಯೇ ಇದೆಯೆಂದಲ್ಲ. ಲಾಭವೋ ನಷ್ಟವೋ ಯಜಮಾನನಿಗೂ ತಿಳಿಯದು.

ಇದರ ಪರಿಣಾಮ ಒಂಬತ್ತನೆಯ ತರಗತಿಯಲ್ಲಿ ಕಾಣತೊಡಗುತ್ತದೆ. ಧಾರವಾಡ ವಿದ್ಯಾಕಾಶಿಯೆಂದು ಹೆಸರಾದ ಊರು. ಪ್ರತಿ ಬೇಸಿಗೆಯಲ್ಲಿ ಫಲಿತಾಂಶ ಬಂದಾಗ ಜಿಲ್ಲೆಗಳ ಸ್ಥಾನಪಟ್ಟಿ ಪ್ರಕಟವಾಗುತ್ತದೆ. ಶಾಲೆಗಳ ಗೋಡೆಯ ಮೇಲೆ ಶೇಕಡಾ ನೂರರ ಫಲಕಗಳು ಏಳುತ್ತವೆ. ಶೇಕಡಾವಾರಿಗೆ ಕಟ್ಟುಬಿದ್ದ ಶಾಲೆಗೆ ಈ ಮಗು ಒಂದು ಭಾರವಾಗಿ ತೋರಿದರೆ ಆಶ್ಚರ್ಯವಿಲ್ಲ. ವರ್ಗಾವಣೆ ಪತ್ರ ಒಯ್ಯುವಂತೆ ಪಾಲಕರಿಗೆ ಮೆಲ್ಲಗೆ ಸೂಚಿಸುವುದು, ಖಾಸಗಿ ಅಭ್ಯರ್ಥಿಯಾಗಿ ಕಟ್ಟಿಸಿರೆಂದು ಹೇಳುವುದು ಕೇಳಿಬಾರದ ಮಾತಲ್ಲ. ಇದರಲ್ಲಿ ಮುಖ್ಯೋಪಾಧ್ಯಾಯರನ್ನು ಮಾತ್ರ ದೂಷಿಸಿ ಪ್ರಯೋಜನವಿಲ್ಲ. ಒಂದೇ ಕಾಟಾದಿಂದ ಎಲ್ಲರನ್ನೂ ಅಳೆದು, ಆ ಅಳತೆಯಿಂದಲೇ ಶಾಲೆಯ ಮಾನವನ್ನು ನಿರ್ಧರಿಸಿದಾಗ, ಕಾಟಾಕ್ಕೆ ಹೊಂದದ್ದನ್ನು ಹೊರಗಿಡುವ ಪ್ರವೃತ್ತಿ ಸಹಜವಾಗಿ ಬೆಳೆಯುತ್ತದೆ.

ಹಾಗಾದರೆ ಈ ಮಕ್ಕಳಿಗೆ ಶೇಕಡಾವಾರಿನ ಒಂದು ಅಂಕಿಯೂ ದೊರೆಯುವುದಿಲ್ಲವೇ? ದೊರೆಯುತ್ತದೆ. ವೈಕಲ್ಯದ ಪ್ರಮಾಣಪತ್ರಕ್ಕಾಗಿ ಧಾರವಾಡದ ಡಿಮ್ಹಾನ್ಸ್‌ನಂಥ ಸಂಸ್ಥೆಗಳಲ್ಲಿ ಮನಃಶಾಸ್ತ್ರಜ್ಞರು ಮಗುವಿನ ಬುದ್ಧಿಲಬ್ಧವನ್ನೂ ಸಾಮಾಜಿಕ ಪಕ್ವತೆಯನ್ನೂ ಪರೀಕ್ಷಿಸುತ್ತಾರೆ. ಕೇಂದ್ರ ಸರ್ಕಾರ 2018ರಲ್ಲಿ ಪ್ರಕಟಿಸಿದ ಮಾರ್ಗಸೂಚಿಯ ಪ್ರಕಾರ ಸೌಮ್ಯ ಬೌದ್ಧಿಕ ವೈಕಲ್ಯಕ್ಕೆ ಶೇ. 50, ಮಧ್ಯಮಕ್ಕೆ ಶೇ. 75, ತೀವ್ರಕ್ಕೆ ಶೇ. 90, ಅತಿತೀವ್ರಕ್ಕೆ ಶೇ. 100 ಎಂದು ನಿಗದಿಪಡಿಸಲಾಗಿತ್ತು. ಪಿಂಚಣಿ, ಬಸ್ ಪಾಸ್, ತೆರಿಗೆ ವಿನಾಯಿತಿಗಳಿಗೆ ಈ ಪತ್ರ ಬೇಕೇ ಬೇಕು. ಅದನ್ನು ಕೊಡುವವರ ತಪ್ಪೂ ಇಲ್ಲ. ಆದರೆ ಒಂದು ವಿಪರ್ಯಾಸವನ್ನು ಗಮನಿಸದಿರಲಾಗದು. ಅಕ್ಕನ ಪತ್ರದಲ್ಲಿ ಅವಳು ತಿಳಿದದ್ದರ ಶೇಕಡಾವಾರು ಇರುತ್ತದೆ. ತಮ್ಮನ ಪತ್ರದಲ್ಲಿ ಅವನಿಗೆ ಇಲ್ಲದ್ದರ ಶೇಕಡಾವಾರು ಮಾತ್ರ ಇರುತ್ತದೆ. ಜೀವಮಾನವಿಡೀ ಅವನ ಕೈಯಲ್ಲಿ ಉಳಿಯುವ ಏಕೈಕ ಅಂಕಿ ಅವನ ಕೊರತೆಯ ಅಂಕಿ.

ಮೂರನೆಯ ಮಾರ್ಗ ಹೊಸದಾಗಿ ಶೋಧಿಸಬೇಕಾದದ್ದಲ್ಲ. ವಿಶೇಷ ಶಾಲೆಗಳ ಶಿಕ್ಷಕರು ದಶಕಗಳಿಂದ ಸಣ್ಣ ತೂಕದ ತಕ್ಕಡಿಗಳನ್ನು ಬಳಸುತ್ತಲೇ ಇದ್ದಾರೆ. ಚೆನ್ನೈನ ವಿಜಯ್ ಹ್ಯೂಮನ್ ಸರ್ವಿಸಸ್ ಸಂಸ್ಥೆ ರೂಪಿಸಿದ 'ಮದ್ರಾಸ್ ಡೆವಲಪ್‌ಮೆಂಟಲ್ ಪ್ರೋಗ್ರಾಮಿಂಗ್ ಸಿಸ್ಟಮ್' ಎಂಬ ಪಟ್ಟಿಯಲ್ಲಿ 18 ಕ್ಷೇತ್ರಗಳಿವೆ. ಒಂದೊಂದರಲ್ಲಿ ಸುಲಭದಿಂದ ಕಠಿಣದ ಕಡೆಗೆ 20 ಅಂಶಗಳಂತೆ ಒಟ್ಟು 360. ಸಿಕಂದರಾಬಾದಿನಲ್ಲಿ 1984ರಲ್ಲಿ ಸ್ಥಾಪನೆಯಾಗಿ ಇಂದು ಎನ್.ಐ.ಇ.ಪಿ.ಐ.ಡಿ. ಎಂಬ ಹೆಸರಿನಿಂದ ನಡೆಯುತ್ತಿರುವ ರಾಷ್ಟ್ರೀಯ ಸಂಸ್ಥೆ ಇನ್ನೊಂದು ಪಟ್ಟಿಯನ್ನು ಸಿದ್ಧಪಡಿಸಿದೆ. ಅದು ಸ್ವಂತ ಆರೈಕೆ, ಸಾಮಾಜಿಕ ನಡತೆ, ಓದುಬರಹ, ಕೆಲಸ, ಮನರಂಜನೆ ಎಂಬ ಕ್ಷೇತ್ರಗಳಲ್ಲಿ, ಪೂರ್ವ ಪ್ರಾಥಮಿಕದಿಂದ ವೃತ್ತಿಪೂರ್ವ ಹಂತದವರೆಗೆ ಮಗುವಿನ ಸ್ಥಿತಿಯನ್ನು ದಾಖಲಿಸುತ್ತದೆ.

ಈ ಎರಡನೆಯ ಪಟ್ಟಿಯ ದಾಖಲೆಯ ಕ್ರಮ ವಿಚಾರವಂತರ ಗಮನಕ್ಕೆ ಅರ್ಹವಾಗಿದೆ. ಅದರಲ್ಲಿ ಸರಿ-ತಪ್ಪು ಎಂಬ ಎರಡೇ ಗುರುತುಗಳಿಲ್ಲ. ಮಗು ಕೆಲಸವನ್ನು ತಾನಾಗಿಯೇ ಮಾಡಿತೇ, ಆಗೊಮ್ಮೆ ಈಗೊಮ್ಮೆ ಸುಳಿವು ಕೊಟ್ಟರೆ ಮಾಡಿತೇ, ಮಾತಿನಲ್ಲಿ ಹೇಳಿದಾಗ ಮಾಡಿತೇ, ಕೈಹಿಡಿದು ಮಾಡಿಸಬೇಕಾಯಿತೇ, ಪೂರ್ಣವಾಗಿ ಪರಾವಲಂಬಿಯೇ ಎಂದು ಬೇರೆ ಬೇರೆ ಬರೆಯಲಾಗುತ್ತದೆ. ಕೈಹಿಡಿದು ಮಾಡಿಸುತ್ತಿದ್ದುದು ಮಾತಿಗೆ ಇಳಿದರೆ ಅದು ಪ್ರಗತಿ. ಮಾತು ಸುಳಿವಿಗೆ ಇಳಿದರೆ ಅದೂ ಪ್ರಗತಿ. ಅಂಕಪಟ್ಟಿ ಕಾಣಲಾರದ ಚಲನೆಯನ್ನು ಈ ಪಟ್ಟಿ ಕಾಣುತ್ತದೆ. ಇವೆಲ್ಲಕ್ಕೂ ಹೊರತಾಗಿ ಇನ್ನೂ ಒಂದು ಗುರುತಿದೆ: ಆ ಕೆಲಸಕ್ಕೆ ಮಗುವಿಗೆ ಅವಕಾಶವೇ ದೊರೆತಿಲ್ಲ. ಎಂದೂ ಕೈಗೆ ದುಡ್ಡು ಕೊಡದ ಮಗುವಿಗೆ ದುಡ್ಡಿನ ಜ್ಞಾನವಿಲ್ಲವೆಂದು ಬರೆಯಬಾರದು. ಅವಕಾಶ ದೊರೆತಿಲ್ಲವೆಂದು ಬರೆಯಬೇಕು. ಆ ಒಂದು ಗುರುತಿನಲ್ಲಿ ಪರೀಕ್ಷೆಗೆ ಒಳಗಾಗುವವರು ಮನೆಯವರೂ ಶಾಲೆಯವರೂ ಸಮಾಜದವರೂ ಆಗುತ್ತಾರೆ. ಸಾಮಾನ್ಯ ಪರೀಕ್ಷೆಯಲ್ಲಿ ಇಂಥ ಪ್ರಾಮಾಣಿಕತೆಗೆ ಸ್ಥಳವೇ ಇಲ್ಲ.

ಕೊರತೆಯಿರುವುದು ತಕ್ಕಡಿಯಲ್ಲಿ ಅಲ್ಲ, ಅದರ ಮಾನ್ಯತೆಯಲ್ಲಿ. ವಿಶೇಷ ಶಾಲೆಯ ಈ ದಾಖಲೆ ಆ ಶಾಲೆಯ ಕಪಾಟಿನಲ್ಲಿಯೇ ಉಳಿಯುತ್ತದೆ. ಮಗು ಬೇರೆ ಶಾಲೆಗೆ ಹೋದರೆ, ವೃತ್ತಿ ತರಬೇತಿಗೆ ಸೇರಿದರೆ, ಆಶ್ರಯಧಾಮಕ್ಕೆ ಹೋದರೆ, ಮೊದಲಿನಿಂದ ಎಲ್ಲವನ್ನೂ ಆರಂಭಿಸಬೇಕಾಗುತ್ತದೆ. 1989ರಲ್ಲಿ ಆರಂಭವಾದ ರಾಷ್ಟ್ರೀಯ ಮುಕ್ತ ಶಾಲೆ ವಿಷಯಗಳ ಆಯ್ಕೆಯಲ್ಲಿಯೂ ಕಾಲಾವಧಿಯಲ್ಲಿಯೂ ಉದಾರವಾಗಿದ್ದು, ಸೌಮ್ಯ ವೈಕಲ್ಯದ ಅನೇಕರಿಗೆ ದಾರಿಯಾಗಿದೆ. ತೀವ್ರ ವೈಕಲ್ಯದವರಿಗೆ ಮಾತ್ರ ಅದರ ಪ್ರಶ್ನೆಪತ್ರಿಕೆಯೂ ಪ್ರಶ್ನೆಪತ್ರಿಕೆಯೇ.

ಪರದೇಶಗಳ ಅನುಭವ ಇಲ್ಲಿ ಎರಡು ರೀತಿಯಲ್ಲಿ ಉಪಯುಕ್ತ: ಮಾಡಬೇಕಾದದ್ದನ್ನೂ ಮಾಡಬಾರದ್ದನ್ನೂ ಅದು ಕಲಿಸುತ್ತದೆ. ಅಮೆರಿಕದ ಕೆಂಟಕಿ ರಾಜ್ಯ 1990ರ ದಶಕದ ಆರಂಭದಲ್ಲಿಯೇ ಇಂಥ ಮಕ್ಕಳ ವರ್ಷದ ಕೆಲಸವನ್ನು ಒಂದು ಕಡತದಲ್ಲಿ ಸಂಗ್ರಹಿಸಿ ಮೌಲ್ಯಮಾಪನ ಮಾಡತೊಡಗಿತು. 1997ರಲ್ಲಿ ಆ ದೇಶದ ವಿಶೇಷ ಶಿಕ್ಷಣದ ಕಾಯ್ದೆಗಾದ ತಿದ್ದುಪಡಿ 2000ದ ಜುಲೈ ವೇಳೆಗೆ ಎಲ್ಲ ರಾಜ್ಯಗಳೂ ಪರ್ಯಾಯ ಪರೀಕ್ಷೆಯನ್ನು ಸಿದ್ಧಪಡಿಸಬೇಕೆಂದು ವಿಧಿಸಿತು. ಅದರ ಹಿಂದಿನ ವಿಚಾರ ಸರಳವಾದದ್ದು: ಲೆಕ್ಕಕ್ಕೆ ಬಾರದ ಮಗು ಲಕ್ಷ್ಯಕ್ಕೂ ಬರುವುದಿಲ್ಲ.

ಆದರೆ ತಕ್ಕಡಿ ಬೇರೆಯಾದೊಡನೆ ಕಲಬೆರಕೆಯ ಭಯವೂ ಹುಟ್ಟಿತು. ಕಡಿಮೆ ಅಂಕ ಪಡೆಯುವ ಸಾಮಾನ್ಯ ಮಕ್ಕಳನ್ನೂ ಸುಲಭವಾದ ಪರೀಕ್ಷೆಗೆ ದೂಡಿ ಫಲಿತಾಂಶವನ್ನು ಏರಿಸುವ ಆಸೆ ಯಾವ ದೇಶದ ಶಾಲೆಗೂ ಬರಬಹುದು. ಅದನ್ನು ತಡೆಯಲು 2003ರ ನಿಯಮ, ಪರ್ಯಾಯ ಪರೀಕ್ಷೆಯಲ್ಲಿ ಸಮರ್ಥರೆಂದು ಎಣಿಸಬಹುದಾದವರ ಸಂಖ್ಯೆಗೆ ಒಟ್ಟು ವಿದ್ಯಾರ್ಥಿಗಳ ಶೇ. 1ರ ಮಿತಿ ಹಾಕಿತು. 2015ರ ಕಾಯ್ದೆ ಪರ್ಯಾಯ ಪರೀಕ್ಷೆಗೆ ಕೂರುವವರ ಸಂಖ್ಯೆಗೇ ಆ ಮಿತಿಯನ್ನು ಅನ್ವಯಿಸಿತು. ಕಡತಗಳ ವಿಷಯದಲ್ಲಿಯೂ ಆಕ್ಷೇಪಗಳು ಬಂದವು. ಅಂದವಾಗಿ ಜೋಡಿಸಿದ ಕಡತ ಮಗುವಿನ ಕಲಿಕೆಗಿಂತ ಶಿಕ್ಷಕರ ಜಾಣತನವನ್ನೇ ತೋರಿಸಬಹುದು. ಅದನ್ನು ತುಂಬುವ ಶ್ರಮದಲ್ಲಿ ಕಲಿಸುವ ಹೊತ್ತೇ ಕಳೆದುಹೋಗಬಹುದು. ಇಂಗ್ಲೆಂಡಿನಲ್ಲಿ ಬಹುಕಾಲ ಬಳಕೆಯಲ್ಲಿದ್ದ 'ಪಿ' ಮಟ್ಟಗಳೆಂಬ ಏಣಿಯನ್ನು 2016ರ ರಾಚ್‌ಫರ್ಡ್ ಪರಿಶೀಲನೆಯ ನಂತರ ಕೈಬಿಡಲಾಯಿತು. ಪಠ್ಯವಿಷಯಗಳ ಕಲಿಕೆಗೆ ಇನ್ನೂ ಬಾರದ ಮಕ್ಕಳಿಗಾಗಿ 2021ರಿಂದ ಬೇರೆ ಕ್ರಮ ಜಾರಿಗೆ ಬಂದಿತು. ಮಗು ಹೊಸದನ್ನು ಮುಟ್ಟಿ ನೋಡುತ್ತದೆಯೇ, ಹೀಗೆ ಮಾಡಿದರೆ ಹೀಗಾಗುತ್ತದೆಂದು ಅರಿಯುತ್ತದೆಯೇ, ಮುಂದೇನಾಗುವುದೆಂದು ಎದುರುನೋಡುತ್ತದೆಯೇ, ಬಿಡದೆ ಯತ್ನಿಸುತ್ತದೆಯೇ, ತಾನಾಗಿ ಆರಂಭಿಸುತ್ತದೆಯೇ ಎಂಬ ಐದು ಅಂಶಗಳನ್ನು ಅದು ಗಮನಿಸುತ್ತದೆ.

ಜೈನ ಜ್ಞಾನಮೀಮಾಂಸೆಯನ್ನು ಓದಿದವರಿಗೆ ಈ ಐದು ಅಂಶಗಳು ಅಪರಿಚಿತವೆನಿಸಲಾರವು. ಮತಿಜ್ಞಾನಕ್ಕೆ ಅವಗ್ರಹ, ಈಹಾ, ಅವಾಯ, ಧಾರಣಾ ಎಂಬ ನಾಲ್ಕು ಹಂತಗಳನ್ನು ಶಾಸ್ತ್ರಕಾರರು ಹೇಳಿದ್ದಾರೆ. ವಸ್ತುವೊಂದಿದೆಯೆಂದು ಗ್ರಹಿಸುವುದು, ಏನೆಂದು ವಿಚಾರಿಸುವುದು, ಇದೇ ಎಂದು ನಿಶ್ಚಯಿಸುವುದು, ನಿಶ್ಚಯಿಸಿದ್ದನ್ನು ಉಳಿಸಿಕೊಳ್ಳುವುದು. ಎರಡೂ ಒಂದೇ ಎಂದು ಹೇಳುವುದು ಅತಿಶಯೋಕ್ತಿಯಾದೀತು. ಆದರೆ ಲಿಖಿತ ಪರೀಕ್ಷೆ ಈ ನಾಲ್ಕರಲ್ಲಿ ಕೊನೆಯದನ್ನು, ಅದೂ ಅಕ್ಷರದ ಮೂಲಕ ಹೊರಬಿದ್ದಷ್ಟನ್ನು ಮಾತ್ರ ಅಳೆಯುತ್ತದೆಯೆಂಬುದು ಸ್ಪಷ್ಟ. ಮೊದಲ ಮೂರು ಹಂತಗಳೂ ಜ್ಞಾನವೇ. ಕರೆದ ಕಡೆ ತಲೆ ತಿರುಗಿಸುವ ಮಗುವಿನಲ್ಲಿ ಅವಗ್ರಹವಿದೆ. ಬೀಗದ ಕೈಯನ್ನು ಹಿಂದೆ ಮುಂದೆ ತಿರುಗಿಸಿ ನೋಡುವ ಮಗುವಿನಲ್ಲಿ ಈಹಾ ಇದೆ. ಅದನ್ನು ಕಂಡು ಬರೆದಿಡುವ ಕಣ್ಣು ಬೇಕು.

ಇಲ್ಲಿ ಎರಡು ಆಕ್ಷೇಪಗಳು ಬರಬಹುದು. ಈ ಮಕ್ಕಳಿಗೆ ಪರೀಕ್ಷೆಯ ಕಾಟವೇಕೆ, ಪ್ರೀತಿಯಿಂದ ಇಟ್ಟುಕೊಂಡರೆ ಸಾಲದೇ ಎಂಬುದು ಒಂದು. ಪ್ರೀತಿ ಮೊದಲು ಬೇಕಾದದ್ದು. ಆದರೆ ಪ್ರೀತಿಯೊಂದೇ ಇದ್ದಾಗ ಮಗು ಇಪ್ಪತ್ತು ವರ್ಷ ತಾಯಿಯ ಕೈತುತ್ತು ತಿನ್ನುತ್ತ ಉಳಿಯುವ ಸಂಭವವಿದೆ. ಕಲಿಯಬಲ್ಲದ್ದನ್ನು ಕಲಿಸದಿರುವುದು ಪ್ರೀತಿಯ ವೇಷದ ಉಪೇಕ್ಷೆ. ಸಂಶಯವಿದ್ದಾಗ ಮಗು ಕಲಿಯಬಲ್ಲದೆಂದೇ ಭಾವಿಸಿ ನಡೆಯಬೇಕು, ಆ ಭಾವನೆ ತಪ್ಪಾದರೆ ಆಗುವ ಹಾನಿ ಸಣ್ಣದು, ಕಲಿಯಲಾರದೆಂಬ ಭಾವನೆ ತಪ್ಪಾದರೆ ಆಗುವ ಹಾನಿ ದೊಡ್ಡದು ಎಂಬ ವಿಚಾರವನ್ನು ಆ್ಯನ್ ಡೊನೆಲನ್ ಎಂಬ ವಿದುಷಿ 1984ರಲ್ಲಿಯೇ ಮಂಡಿಸಿದ್ದಾರೆ. ಎರಡನೆಯ ಆಕ್ಷೇಪ, ಎರಡು ಬಗೆಯ ಪರೀಕ್ಷೆಯಿಂದ ಸಾಮಾನ್ಯ ಪರೀಕ್ಷೆಯ ಬೆಲೆ ಕುಗ್ಗುತ್ತದೆಂಬುದು. ಕೊಳ್ಳುವಾಗ ಒಂದು ಕಲ್ಲು, ಮಾರುವಾಗ ಒಂದು ಕಲ್ಲು ಇಡುವುದನ್ನೂ ಅಸಲಿನ ಹೆಸರಿನಲ್ಲಿ ನಕಲಿ ಮಾರುವುದನ್ನೂ ಶ್ರಾವಕಾಚಾರ ಅಚೌರ್ಯಾಣುವ್ರತದ ಅತಿಚಾರಗಳೆಂದು ಎಣಿಸಿದೆ. ಒಂದೇ ಪದಾರ್ಥಕ್ಕೆ ಎರಡು ತೂಕ ವಂಚನೆ. ಬೇರೆ ಪದಾರ್ಥಕ್ಕೆ ಬೇರೆ ತಕ್ಕಡಿ ವಂಚನೆಯಲ್ಲ, ಅದರ ಮೇಲೆ ಬರೆದ ಹೆಸರು ನಿಜವಾಗಿದ್ದರೆ. ಆದ್ದರಿಂದ ಈ ಮಕ್ಕಳಿಗೆ ಕೊಡುವ ಪತ್ರಕ್ಕೆ ಎಸ್.ಎಸ್.ಎಲ್.ಸಿ. ಎಂಬ ಹೆಸರು ಬೇಡ. ಉತ್ತೀರ್ಣ, ಅನುತ್ತೀರ್ಣ ಎಂಬ ಮಾತುಗಳೂ ಬೇಡ. 'ಪ್ರಗತಿಪತ್ರ' ಎಂಬ ಹೆಸರಿನಲ್ಲಿ ಮಗು ತಾನಾಗಿ ಮಾಡುವುದೇನು, ಸಹಾಯದಿಂದ ಮಾಡುವುದೇನು, ಅವಕಾಶ ದೊರೆಯದಿರುವುದೇನು ಎಂಬುದನ್ನು ಪರೀಕ್ಷಾ ಮಂಡಳಿಯ ಮುದ್ರೆಯ ಅಡಿಯಲ್ಲಿ ಬರೆದುಕೊಟ್ಟರೆ ಸಾಕು. ವ್ಯಾಪಾರಿಯ ತಕ್ಕಡಿಗೆ ಇಲಾಖೆಯ ಮುದ್ರೆ ಕಡ್ಡಾಯವಾಗಿರುವಂತೆ, ಶಾಲೆ ಬರೆದ ದಾಖಲೆಯನ್ನು ಬೇರೊಂದು ಶಾಲೆಯ ವಿಶೇಷ ಶಿಕ್ಷಕರು ಮಗುವಿನ ಎದುರಿನಲ್ಲಿಯೇ ಪರಿಶೀಲಿಸಿ ಸಹಿ ಮಾಡುವ ಕ್ರಮವಿದ್ದರೆ ಕಲಬೆರಕೆಯ ಭಯವೂ ಬಹುಮಟ್ಟಿಗೆ ದೂರವಾಗುತ್ತದೆ.

ಇವೆರಡರ ಹೊರತಾಗಿ, ಬಹಿರಂಗವಾಗಿ ಹೇಳದೆ ಮನೆಯೊಳಗೆ ಹೇಳುವ ಮೂರನೆಯ ಮಾತೊಂದಿದೆ: ಇದು ಪೂರ್ವಾರ್ಜಿತ ಜ್ಞಾನಾವರಣೀಯ ಕರ್ಮದ ಫಲ, ಮಾಡುವುದೇನಿದೆ? ಶಾಸ್ತ್ರದ ಶಬ್ದವನ್ನು ಹಿಡಿದು ಶಾಸ್ತ್ರದ ಅರ್ಥವನ್ನು ಬಿಡುವುದೆಂದರೆ ಇದೇ. ನೇಮಿಚಂದ್ರ ಸಿದ್ಧಾಂತ ಚಕ್ರವರ್ತಿಗಳ ಗೊಮ್ಮಟಸಾರಕ್ಕೆ ಕೇಶವವರ್ಣಿ 1359ರಲ್ಲಿ ಕನ್ನಡದಲ್ಲಿ ವೃತ್ತಿ ರಚಿಸಿದ್ದಾನೆ. ಆ ಗ್ರಂಥದ ಜೀವಕಾಂಡದ ಪ್ರಕಾರ ಅತ್ಯಂತ ಕೆಳಗಿನ ಸೂಕ್ಷ್ಮ ನಿಗೋದ ಜೀವಿಯಲ್ಲಿಯೂ ಪರ್ಯಾಯವೆಂಬ ಜ್ಞಾನಾಂಶವೊಂದು ಸದಾ ತೆರೆದೇ ಇರುತ್ತದೆ. ಯಾವ ಆವರಣವೂ ಅದನ್ನು ಮುಚ್ಚಲಾರದು. ಸೂಕ್ಷ್ಮ ಜೀವಿಯ ವಿಷಯದಲ್ಲಿ ಇಷ್ಟು ಹೇಳಿದ ಶಾಸ್ತ್ರ, ನಗುವ, ಮುನಿಯುವ, ತಾಯಿಯನ್ನು ಗುರುತಿಸುವ ಮನುಷ್ಯಜೀವಿಯಲ್ಲಿ ಏನೂ ಇಲ್ಲವೆಂದು ಹೇಳಲು ಯಾರಿಗೂ ಅನುಮತಿ ಕೊಟ್ಟಿಲ್ಲ. ಇನ್ನೂ ಒಂದು ಮಾತು. ಜ್ಞಾನಾವರಣೀಯದ ಆಸ್ರವಕ್ಕೆ ಕಾರಣಗಳನ್ನು ತತ್ತ್ವಾರ್ಥಸೂತ್ರದ ಆರನೆಯ ಅಧ್ಯಾಯ ಎಣಿಸುತ್ತದೆ. ಅನ್ಯರ ಜ್ಞಾನಕ್ಕೆ ಅಂತರಾಯವನ್ನುಂಟುಮಾಡುವುದು ಅವುಗಳಲ್ಲೊಂದು. ಮಗುವಿನ ಹಳೆಯ ಕರ್ಮದ ಲೆಕ್ಕವನ್ನು ಬಲ್ಲವರಿಲ್ಲ. ಆದರೆ ಕಲಿಯಬಂದ ಮಗುವನ್ನು ಬಾಗಿಲಿನಲ್ಲಿ ತಡೆದವರ ಹೊಸ ಲೆಕ್ಕ ಅಲ್ಲಿಯೇ ಆರಂಭವಾಗುತ್ತದೆ.

ಬಸದಿಗಳ ಟ್ರಸ್ಟುಗಳೂ ಸಮಾಜದ ಶಿಕ್ಷಣ ಸಂಸ್ಥೆಗಳೂ ಸರ್ಕಾರದ ಆದೇಶಕ್ಕಾಗಿ ಕಾಯಬೇಕಾಗಿಲ್ಲ. ಪ್ರತಿವರ್ಷ ಪ್ರತಿಭಾ ಪುರಸ್ಕಾರದ ಸಮಾರಂಭಗಳು ವಿಜೃಂಭಣೆಯಿಂದ ನಡೆಯುತ್ತವೆ. ನಿಗದಿತ ಶೇಕಡಾವಾರಿಗಿಂತ ಹೆಚ್ಚು ಪಡೆದವರಿಗೆ ಶಾಲು, ಫಲಕ, ನಗದು ದೊರೆಯುತ್ತವೆ. ಅದು ಆಗಲಿ. ಅದೇ ಸಭೆಯಲ್ಲಿ ಅಕ್ಕನ ಚಪ್ಪಾಳೆಗೆ ತಾನೂ ಚಪ್ಪಾಳೆ ತಟ್ಟುತ್ತ ಕುಳಿತ ತಮ್ಮನಿಗಾಗಿ ಯಾವ ವ್ಯವಸ್ಥೆಯಿದೆಯೆಂದು ವಿಶ್ವಸ್ಥರು ಒಮ್ಮೆ ವಿಚಾರಿಸಬೇಕು. ಕರುಣೆಯ ಬಹುಮಾನ ಅವನಿಗೆ ಬೇಡ. ಅವನ ಹೆಸರಿನ ಪ್ರಗತಿಪತ್ರ ಬೇಕು. ಸಮಾಜದ ಶಾಲೆಯೊಂದು ಒಬ್ಬ ತರಬೇತಾದ ವಿಶೇಷ ಶಿಕ್ಷಕರನ್ನು ಖಾಯಂ ಆಗಿ ನೇಮಿಸಿ, ಮೇಲೆ ಹೇಳಿದ ಪಟ್ಟಿಯಂತೆ ವರ್ಷಕ್ಕೆ ಎರಡು ಸಲ ದಾಖಲೆ ಬರೆಸಿ, ಪಾಲಕರಿಗೆ ಒಂದು ಪ್ರತಿ ಕೊಡುವುದು ದೊಡ್ಡ ಖರ್ಚಿನ ಕೆಲಸವಲ್ಲ. ತನ್ನ ಫಲಿತಾಂಶದ ಫಲಕದಲ್ಲಿ ಉತ್ತೀರ್ಣರ ಸಂಖ್ಯೆಯ ಕೆಳಗೆ ಪ್ರಗತಿಪತ್ರ ಪಡೆದವರ ಸಂಖ್ಯೆಯನ್ನೂ ಬರೆಸಿದರೆ, ಆ ಮಕ್ಕಳನ್ನು ಉಳಿಸಿಕೊಳ್ಳುವುದು ಶಾಲೆಗೆ ಭಾರವಾಗುವ ಬದಲು ಗೌರವವಾಗುತ್ತದೆ.

ಇದೆಲ್ಲ ಯಾವ ಉಪಯೋಗಕ್ಕೆ ಎಂದು ಕೇಳುವವರಿಗೆ ಉತ್ತರ ಪಾಲಕರ ಮನಸ್ಸಿನಲ್ಲಿದೆ. ಇಂಥ ಮಗುವಿನ ತಂದೆತಾಯಿಗಳನ್ನು ರಾತ್ರಿ ಎಚ್ಚರಿಸುವ ಪ್ರಶ್ನೆ ಒಂದೇ: ತಮ್ಮ ನಂತರ ಇವನ ಗತಿಯೇನು? 1999ರ ರಾಷ್ಟ್ರೀಯ ನ್ಯಾಸ ಕಾಯ್ದೆಯಂತೆ ಸ್ಥಾನಿಕ ಸಮಿತಿಯ ಮೂಲಕ ಪೋಷಕರನ್ನು ನೇಮಿಸಬಹುದು. ಮನೆ, ಹೊಲ, ಠೇವಣಿಗಳನ್ನು ಅವನ ಹೆಸರಿಗೆ ಬರೆದಿಡಬಹುದು. ಆದರೆ ಅವನು ಹಸಿವನ್ನು ಹೇಗೆ ತಿಳಿಸುತ್ತಾನೆ, ಯಾವ ಮಾತಿಗೆ ಹೆದರುತ್ತಾನೆ, ಅಂಗಿಯ ಗುಂಡಿಯನ್ನು ತಾನೇ ಹಾಕಿಕೊಳ್ಳಬಲ್ಲನೇ, ಒಬ್ಬನೇ ಎಷ್ಟು ದೂರ ಹೋಗಿಬರಬಲ್ಲನು ಎಂಬುದು ತಾಯಿಗೆ ಮಾತ್ರ ತಿಳಿದಿರುತ್ತದೆ. ಅದು ಬರಹಕ್ಕೆ ಇಳಿಯದಿದ್ದರೆ ಅವಳೊಂದಿಗೆ ಹೋಗುತ್ತದೆ. ಆಮೇಲೆ ಬಂದವರು, ಎಷ್ಟೇ ಒಳ್ಳೆಯವರಾದರೂ, ಅವನು ಮಾಡಬಲ್ಲದ್ದನ್ನೂ ತಾವೇ ಮಾಡಿ, ಕಲಿತ ವಿದ್ಯೆಯನ್ನು ಅರಿಯದೆ ಮರೆಸುತ್ತಾರೆ.

ದೀಪಾವಳಿಯ ಪಾಡ್ಯದಂದು ವ್ಯಾಪಾರಿಗಳ ಮನೆಗಳಲ್ಲಿ ಹೊಸ ಖಾತೆ ಪುಸ್ತಕ ತೆರೆಯುವ ಸಂಪ್ರದಾಯವಿದೆ. ವೀರನಿರ್ವಾಣ ಸಂವತ್ಸರದ ಮೊದಲ ದಿನವೂ ಅದೇ. ಇಂಥ ಮಗುವಿರುವ ಮನೆಯಲ್ಲಿ ಆ ದಿನ ಇನ್ನೊಂದು ಪುಸ್ತಕವನ್ನೂ ತೆರೆಯಬಹುದು. ಮಂಡಳಿಯ ಮುದ್ರೆ ಬಂದಾಗ ಬರಲಿ. ಮೊದಲ ಪುಟದಲ್ಲಿ ತಾರೀಖನ್ನೂ ಮಗುವಿನ ಹೆಸರನ್ನೂ ಬರೆದು, ಅದರ ಕೆಳಗೆ ಅವನು ಇಂದು ತಾನಾಗಿಯೇ ಮಾಡಿದ ಕೆಲಸವೊಂದನ್ನು ಬರೆದರೆ ಲೆಕ್ಕ ಆರಂಭವಾದಂತೆ.